ಹಳೇ ಮೈಸೂರು ನೋಡಲು ಕಾಲ್ನಡಿಗೆಯೋ, ಟಾಂಗಾವೋ, ಅಂಬಾರಿ ಬಸ್ಸೋ?

ಮೂರರಲ್ಲೂ ಸುತ್ತಿದ ಮೇಲೆ ಹೇಳುವುದಾದರೆ, ಪೇಟೆ ಭಾಗಕ್ಕೆ ನಡಿಗೆಯೇ ಸರಿ. ಬೆಳಗ್ಗೆ ಏಳಕ್ಕೆ ದೊಡ್ಡ ಗಡಿಯಾರದ ಬುಡದಿಂದ ಹೊರಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಕಟ್ಟಿದ್ದು. ಕತ್ತೆತ್ತಿದರೆ ಮುಳ್ಳುಗಳ ಸುತ್ತ ಕನ್ನಡ ಅಂಕಿ ಕಾಣುತ್ತವೆ. ಹತ್ತಿರದ ಪುರಭವನ ದಿವಾನ್ ರಂಗಾಚಾರ್ಲು ಅವರ ನೆನಪಿನದು. 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾದದ್ದು ಅವರ ಕಾಲದಲ್ಲೇ. ಚಾಮರಾಜ ವೃತ್ತ, ಕೆ.ಆರ್. ಸರ್ಕಲ್ ದಾಟಿ ಚಿಕ್ಕ ಗಡಿಯಾರದ ಕಡೆಯಿಂದ ದೇವರಾಜ ಮಾರುಕಟ್ಟೆ ಹೊಕ್ಕರೆ ಹೂವಿನ ಸಾಲು, ಕುಂಕುಮದ ರಾಶಿ. ದೂರ ಎರಡು ಕಿಲೋಮೀಟರೂ ಇಲ್ಲ. ನಿಂತು ನೋಡಲು ಎರಡೂವರೆ ಗಂಟೆ ಬೇಕು, ಹತ್ತಕ್ಕೆ ಅರಮನೆ ತೆರೆಯುವ ಹೊತ್ತಿಗೆ ಹೊಂದುತ್ತದೆ. ಹನ್ನೊಂದರ ಮೇಲೆ ಹೊರಟರೆ ಬಿಸಿಲು, ಜನಜಂಗುಳಿ, ಫುಟ್‌ಪಾತ್ ತುಂಬ ಅಂಗಡಿ; ಕಟ್ಟಡ ನೋಡುವುದಿರಲಿ, ಕಾಲಿಡುವ ಜಾಗ ನೋಡಿಕೊಳ್ಳಬೇಕು. 2012ರಲ್ಲಿ ಒಂದು ಭಾಗ ಕುಸಿದ ಲ್ಯಾನ್ಸ್‌ಡೌನ್ ಕಟ್ಟಡವನ್ನು ಹೊರಗಿನಿಂದ ನೋಡಿ ಸಾಕು.

ಟಾಂಗಾ ಸೊಗಸು, ಆದರೆ ಇತಿಹಾಸ ಕಮ್ಮಿ. ಅರಮನೆ ಸುತ್ತಿ ಬರುವುದೇ ಹೆಚ್ಚು, ಮಾರುಕಟ್ಟೆಯ ಒಳದಾರಿಗೆ ನುಗ್ಗಲಾಗದು. ಜಗಳ ಆಗುವುದು 'ಒಂದು ರೌಂಡ್' ಎಂಬ ಮಾತಿನಿಂದ. ಹತ್ತುವ ಮುಂಚೆಯೇ ಎಲ್ಲೆಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು ಕಾಯಬೇಕು, ಬಾಡಿಗೆ ಗಾಡಿಗೋ ತಲೆಗೋ ಎಂದು ಮಾತಾಡಿಕೊಳ್ಳಿ. ಮಧ್ಯಾಹ್ನ ಕಾದ ಟಾರಿನ ಮೇಲೆ ಕುದುರೆ ಓಡಿಸುವುದು ಬೇಡ. ಮಂಡಿ ನೋವಿರುವ ಅಜ್ಜ ಅಜ್ಜಿ ಜೊತೆಗಿದ್ದರೆ ಮಾತ್ರ ಇದಕ್ಕೆ ನನ್ನ ಓಟು.

ಮಯೂರ ಹೊಯ್ಸಳ ಹೋಟೆಲಿನಿಂದ ಹೊರಡುವ ಅಂಬಾರಿ ಡಬಲ್ ಡೆಕ್ಕರ್ ಬಸ್ಸು ಗೆಲ್ಲುವುದು ಪಶ್ಚಿಮದ ಅಗಲ ರಸ್ತೆಗಳಲ್ಲಿ. ಮೈಸೂರು ವಿಶ್ವವಿದ್ಯಾಲಯದ ಕ್ರಾಫರ್ಡ್ ಹಾಲ್, ಪ್ರಾಚ್ಯವಿದ್ಯಾ ಸಂಶೋಧನಾಲಯಗಳ ನಡುವೆ ನಡೆದರೆ ಕಾಲು ಸೋಲುತ್ತದೆ. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಗಳನ್ನು ಗುರುತಿಸಿದ್ದು ಈ ಸಂಶೋಧನಾಲಯದಲ್ಲೇ, ಅಚ್ಚಾದದ್ದು 1909ರಲ್ಲಿ. ಬಸ್ಸಿನ ಮೇಲಿನ ಮಹಡಿಗೆ ತಾರಸಿಯಿಲ್ಲ, ಹಾಗಾಗಿ ಕಮಾನು, ಗುಮ್ಮಟಗಳು ಕಣ್ಣಿನ ಮಟ್ಟಕ್ಕೆ ಬರುತ್ತವೆ. ನೆಲದಿಂದ ಇದು ಸಿಗದು. ಆದರೆ ಬಸ್ಸು ನಿಮಗಾಗಿ ಕಾಯದು, ಫಲಕ ಓದುವಷ್ಟರಲ್ಲಿ ಮುಂದಿನ ತಿರುವು. ಭಾನುವಾರದ ಸಂಜೆ ಟ್ರಿಪ್ ಹಿಡಿದರೆ, ಏಳಕ್ಕೆ ಅರಮನೆ ದೀಪ ಹತ್ತುವ ಮುಂಚೆ ಇಳಿದಿರುತ್ತೀರಾ ಎಂದು ಟಿಕೆಟ್ ಕೊಳ್ಳುವಾಗಲೇ ಕೇಳಿ.