ಆರ್‌ಡಿ ಬಡ್ಡಿ ಸರಿಯಾಗಿ ಬಂತಾ? ನನ್ನ ಬ್ಯಾಂಕಿಗೆ ಐದಕ್ಕೆ ಮೂರು ಸ್ಟಾರ್

ಎರಡು ವರ್ಷದ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಂತು ಕಟ್ಟುವ ಠೇವಣಿ, ಮೊನ್ನೆ ಮುಗಿಯಿತು. ತಿಂಗಳಿಗೆ 5,000 ರೂಪಾಯಿ, ಬಡ್ಡಿ ಶೇ 7. ಬ್ಯಾಂಕಿನ ಹೆಸರು ಬೇಡ, ಸರ್ಕಾರಿ ಬ್ಯಾಂಕು ಅಂತ ಮಾತ್ರ ಇಟ್ಟುಕೊಳ್ಳಿ. ಖಾತೆಗೆ ಬಂದದ್ದು 1,28,874. ಬರಬೇಕಿದ್ದದ್ದು 1,29,099. ದೊಡ್ಡ ಮೊತ್ತವೇನಲ್ಲ, ಆದರೆ 225 ರೂಪಾಯಿ ಎಲ್ಲಿ ಹೋಯಿತು ಅಂತ ಕೇಳಿದರೆ ಕೌಂಟರ್‌ನಲ್ಲಿದ್ದವರು ತಲೆ ಎತ್ತದೆ "ಸಿಸ್ಟಮ್ಮೇ ಲೆಕ್ಕ ಹಾಕುತ್ತೆ ಸರ್, ತಪ್ಪಾಗಲ್ಲ" ಅಂದರು. ಒಂದು ಸ್ಟಾರ್ ಅಲ್ಲೇ ಹೋಯಿತು.

ಲೆಕ್ಕಕ್ಕೆ ಬರೋಣ. ಕಟ್ಟಿದ್ದು 1,20,000, ಅದಕ್ಕೆ ಶೇ 7ರಂತೆ ಎರಡು ವರ್ಷಕ್ಕೆ 16,800 ಬರಬೇಕು ಅಂತ ಜಗಳಕ್ಕೆ ನಿಲ್ಲುವವರು ಬಹಳ ಜನ. ಹಾಗಲ್ಲ. ಮೊದಲ ಕಂತು ಮಾತ್ರ 24 ತಿಂಗಳು ಬ್ಯಾಂಕಿನಲ್ಲಿ ಇರುತ್ತದೆ, ಎರಡನೆಯದು 23, ಕೊನೆಯದು ಒಂದೇ ತಿಂಗಳು. ಎಲ್ಲ ಕೂಡಿಸಿದರೆ 300. ಅಂದರೆ 5,000 ರೂಪಾಯಿಗೆ 300 ತಿಂಗಳ ಬಡ್ಡಿ. ಸರಳ ಬಡ್ಡಿಯಲ್ಲಿ 8,750 ಆಗುತ್ತದೆ. ಬ್ಯಾಂಕುಗಳು ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಹಾಕುವುದರಿಂದ ಅದು ಸ್ವಲ್ಪ ಏರಿ 9,099 ಆಗುತ್ತದೆ. ಬಾಯಿಲೆಕ್ಕಕ್ಕೆ ಇಷ್ಟು ಸಾಕು, ಆದರೆ ಇದನ್ನೇ ನಂಬಿ ಕೂತರೆ ಕಷ್ಟ. ನನಗೆ ಬಂದ 8,874 ಕೂಡ 8,750ಕ್ಕಿಂತ ಜಾಸ್ತಿಯೇ ಅಲ್ವಾ?

ಹಾಗಾಗಿ ಎಕ್ಸೆಲ್ ಬೇಕು. ಕೊನೆಗೆ ಎಷ್ಟು ಕೈಗೆ ಬರುತ್ತದೆ ಅಂತ ಹೇಳುವ ಎಫ್‌ವಿ (FV) ಅಂತ ಒಂದು ಫಾರ್ಮುಲಾ ಇದೆ. ಅದಕ್ಕೆ ತಿಂಗಳ ಬಡ್ಡಿ ದರ, ಎಷ್ಟು ಕಂತು, ಕಂತಿನ ಮೊತ್ತ ಕೊಡಬೇಕು. ಇಲ್ಲಿ 7ನ್ನು ಸುಮ್ನೆ 12ರಿಂದ ಭಾಗಿಸಿದರೆ ಪ್ರತಿ ತಿಂಗಳೂ ಚಕ್ರಬಡ್ಡಿ ಹಾಕಿದಂತಾಗಿ 1,29,154 ತೋರಿಸುತ್ತದೆ, ಬ್ಯಾಂಕು 55 ರೂಪಾಯಿ ನುಂಗಿತು ಅನ್ನಿಸುತ್ತದೆ. ನುಂಗಿಲ್ಲ. ಶೇ 7ನ್ನು ನಾಲ್ಕರಿಂದ ಭಾಗಿಸಿ, ಒಂದು ಸೇರಿಸಿ, ಅದರ ಘನಮೂಲ ತೆಗೆದು, ಮತ್ತೆ ಒಂದು ಕಳೆಯಿರಿ. ಕಂತು ತಿಂಗಳ ಶುರುವಿಗೆ ಕಟ್ಟುವುದು ಅಂತ ಕೊನೆಯಲ್ಲಿ 1 ಹಾಕಿ. ಆಗ ಸರಿಯಾಗಿ 1,29,099 ಬರುತ್ತದೆ.

ನನ್ನ ವಿಷಯದಲ್ಲಿ ಬಡ್ಡಿ ಸರಿಯಾಗಿಯೇ ಇತ್ತು, ಎಡವಟ್ಟಾಗಿದ್ದು ದಿನಾಂಕದಲ್ಲಿ. ಆ್ಯಪ್‌ನಲ್ಲಿ ಬರೀ ಒಟ್ಟು ಮೊತ್ತ ಕಾಣುತ್ತದೆ. ಕಂತು ಕಟ್ಟಬೇಕಿದ್ದ ದಿನ, ನಿಜವಾಗಿ ಕಟ್ಟಾದ ದಿನ ಎರಡೂ ಇರುವ ಪ್ರಿಂಟ್ ಕೊಡಿ ಅಂತ ಪಟ್ಟು ಹಿಡಿದು ತೆಗೆಸಿಕೊಂಡೆ. ನಡುವೆ ಎರಡು ತಿಂಗಳು ಅವರ ಆಟೋ ಡೆಬಿಟ್ ಕೆಲಸವನ್ನೇ ಮಾಡಿರಲಿಲ್ಲ, ಖಾತೆಯಲ್ಲಿ ಬೇಕಾದಷ್ಟು ದುಡ್ಡಿತ್ತು, ಮೂರನೇ ತಿಂಗಳು ಮೂರೂ ಕಂತು ಒಟ್ಟಿಗೆ ಎಳೆದುಕೊಂಡಿದ್ದಾರೆ. ಒಂದು ಕಂತು ಎರಡು ತಿಂಗಳು ತಡ, ಇನ್ನೊಂದು ಒಂದು ತಿಂಗಳು ತಡ. ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿ ದಂಡ. 150 ಮತ್ತು 75, ಸೇರಿ 225. ಅವರ ಮಿಷನ್ ಮಲಗಿದ್ದಕ್ಕೆ ನನಗೆ ದಂಡ! ಪಿಗ್ಮಿ ಕಲೆಕ್ಷನ್‌ನವರು ಬರುವಾಗ ಈ ರಗಳೆ ಇರಲಿಲ್ಲ. 1928ರಲ್ಲಿ ಉಡುಪಿಯಲ್ಲಿ ಶುರುವಾದ ವ್ಯವಸ್ಥೆ ಅದು, ಮನೆ ಬಾಗಿಲಿಗೇ ಬಂದು ದುಡ್ಡು ತಗೊಂಡು ಹೋಗುತ್ತಿದ್ದರು.

ಮ್ಯಾನೇಜರ್‌ಗೆ ಪ್ರಿಂಟ್ ಮತ್ತು ಉಳಿತಾಯ ಖಾತೆಯ ಸ್ಟೇಟ್‌ಮೆಂಟ್ ಸೇರಿಸಿ ಪತ್ರ ಕೊಟ್ಟೆ, ಸೀಲು ಹಾಕಿಸಿಕೊಂಡೆ. ಆ ಮೇಡಂ ಒಳ್ಳೆಯವರು, ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿ "ಹೌದು, ಇದು ನಮ್ಮದೇ ತಪ್ಪು" ಅಂದರು. 225 ವಾಪಸ್ ಬಂತು. ಬರದಿದ್ದರೆ 30 ದಿನ ಕಾದು ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯುವವನಿದ್ದೆ. ಅದು ಉಚಿತ, ಸಹಾಯಕ್ಕೆ 14448 ನಂಬರ್ ಇದೆ.

ಟಿಡಿಎಸ್, ಅಂದರೆ ಬಡ್ಡಿ ಕೊಡುವಾಗಲೇ ಬ್ಯಾಂಕು ಹಿಡಿದುಕೊಳ್ಳುವ ಆದಾಯ ತೆರಿಗೆ, ಅದರ ಬಗ್ಗೆಯೂ ಹೇಳಿಬಿಡುತ್ತೇನೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ ಬಡ್ಡಿ 50,000 ದಾಟಿದರೆ, ಹಿರಿಯ ನಾಗರಿಕರಿಗಾದರೆ 1 ಲಕ್ಷ ದಾಟಿದರೆ, ಶೇ 10 ಹಿಡಿಯುತ್ತಾರೆ. ಪ್ಯಾನ್ ಕೊಡದಿದ್ದರೆ ಶೇ 20. ಅದೇ ಬ್ಯಾಂಕಿನ ಎಫ್‌ಡಿ ಬಡ್ಡಿಯೂ ಈ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ದುಡ್ಡು ಕಮ್ಮಿ ಬಂದರೆ ಮೊದಲು ಇದನ್ನು ನೋಡಿ.

ಮುಂದಿನದನ್ನು ಅಂಚೆ ಕಚೇರಿಯಲ್ಲಿ ಮಾಡೋಣ ಅಂತಲೂ ಯೋಚಿಸಿದೆ. ಅಲ್ಲಿ ಐದು ವರ್ಷದ ಆರ್‌ಡಿ, 2023ರ ಅಕ್ಟೋಬರ್‌ನಲ್ಲಿ ದರ ಶೇ 6.7 ಆಯಿತು. ಆ ದರಕ್ಕೆ ತಿಂಗಳಿಗೆ 5,000 ಕಟ್ಟಿದರೆ ಕೊನೆಗೆ ಸುಮಾರು 3,56,830. ಆದರೆ ನನಗೆ ಐದು ವರ್ಷ ಆಗಿಬರಲ್ಲ. ಹಾಗಾಗಿ ಇದೇ ಶಾಖೆಯಲ್ಲಿ ಮತ್ತೆ ಎರಡು ವರ್ಷಕ್ಕೆ ಶುರು ಮಾಡಿದ್ದೇನೆ. ಬಡ್ಡಿಗೆ ಒಂದು ಸ್ಟಾರ್, ಮೇಡಂಗೆ ಎರಡು, ಆ್ಯಪ್‌ಗೆ ಸೊನ್ನೆ.