ಆಂತ್ರೊಪಾಲಜಿ ಸೀಟು ಅಂತ ದುಡ್ಡು ಕಟ್ಟಿದೆ, ಅಲ್ಲಿ ಆ ವಿಭಾಗವೇ ಇರಲಿಲ್ಲ

ಡಿಗ್ರಿ ಮಧ್ಯದಲ್ಲಿ ಯೂನಿವರ್ಸಿಟಿ ಬದಲಿಸಿ ಆಂತ್ರೊಪಾಲಜಿಗೆ (ಮಾನವಶಾಸ್ತ್ರಕ್ಕೆ) ಹೋಗಬೇಕು ಅಂತಿರುವವರು ದುಡ್ಡು ಕಟ್ಟುವ ಮೊದಲು ದಯವಿಟ್ಟು ಇದನ್ನು ಓದಿ. ನಾನು 1,10,000 ರೂಪಾಯಿ ಕಟ್ಟಿ ಮೋಸ ಹೋಗಿದ್ದೇನೆ. ಅದು ಅಪ್ಪ ಸೊಸೈಟಿಯಲ್ಲಿ ತೆಗೆದ ಸಾಲ. ನಾಚಿಕೆಯಿಂದ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಮೊನ್ನೆ ನನ್ನ ಜೂನಿಯರ್ ಒಬ್ಬಳಿಗೆ ಅದೇ ಕಡೆಯಿಂದ ಫೋನ್ ಬಂದಿದೆ ಅಂತ ಗೊತ್ತಾಯಿತು. ಇನ್ನು ಸುಮ್ಮನಿರಲು ಆಗಲಿಲ್ಲ.

ನಾನು ಬಿಎ ಮೊದಲ ವರ್ಷ ಮುಗಿಸಿದ್ದೆ. ಇತಿಹಾಸ, ಅರ್ಥಶಾಸ್ತ್ರ. ಎನ್‌ಎಸ್‌ಎಸ್ ಕ್ಯಾಂಪಿಗೆ ಎಚ್.ಡಿ. ಕೋಟೆ ಕಡೆ ಜೇನುಕುರುಬರ ಹಾಡಿಗೆ ಹೋಗಿ ಬಂದ ಮೇಲೆ ಮಾನವಶಾಸ್ತ್ರವನ್ನೇ ಓದಬೇಕು ಅಂತ ಹಠ ಹಿಡಿದೆ. ಮೈಸೂರಿನಲ್ಲಿ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ಕೇಂದ್ರ ಇದೆಯಲ್ಲ, ಮುಂದೆ ಅಂಥ ಕಡೆ ಕೆಲಸ ಮಾಡಬೇಕು ಅನ್ನುವ ಆಸೆ. ನಮ್ಮ ಕಾಲೇಜಿನಲ್ಲಿ ಆ ವಿಷಯ ಇರಲಿಲ್ಲ. ಒಂದೆರಡು ಕಡೆ ಆನ್‌ಲೈನ್‌ನಲ್ಲಿ ವಿಚಾರಿಸಿ ನಂಬರ್ ಕೊಟ್ಟಿದ್ದೆ. ಮರುದಿನವೇ ಪಕ್ಕದ ರಾಜ್ಯದ ಒಂದು ಖಾಸಗಿ ಯೂನಿವರ್ಸಿಟಿಯಿಂದ ಕೌನ್ಸೆಲರ್ ಫೋನು.

ಪಾಸಾದ ಪೇಪರ್‌ಗಳ ಕ್ರೆಡಿಟ್ ಆನ್‌ಲೈನ್‌ನಲ್ಲಿ ಜಮಾ ಆಗುವ ಖಾತೆಗೆ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಅಂತಾರೆ. ಆತ ಎಷ್ಟು ಧೈರ್ಯವಾಗಿ ಹೇಳಿದ ಗೊತ್ತಾ? "ಮೇಡಂ, ನಿಮ್ಮ ಕ್ರೆಡಿಟ್ ಎಲ್ಲಾ ಎಬಿಸಿಯಲ್ಲಿ ಇದೆ ಅಲ್ವಾ? ಅಷ್ಟೇ ಸಾಕು. ನೇರವಾಗಿ ಮೂರನೇ ಸೆಮಿಸ್ಟರ್. ಒಂದು ದಿನವೂ ವೇಸ್ಟ್ ಆಗಲ್ಲ." ನಾನು ಎರಡು ಸಲ ಕೇಳಿದೆ. ಎರಡು ಸಲವೂ "ಹಂಡ್ರೆಡ್ ಪರ್ಸೆಂಟ್ ಮೇಡಂ" ಅಂದ. ನಮ್ಮ ಲೆಕ್ಚರರ್ ಮಾತ್ರ, "ನೋಡಮ್ಮಾ, ಬರವಣಿಗೆಯಲ್ಲಿ ತಗೋ, ಆಮೇಲೆ ದುಡ್ಡು ಕಟ್ಟು" ಅಂದಿದ್ದರು. ನಾನು ಕೇಳಲಿಲ್ಲ. ಸೀಟು ಹೋಗಿಬಿಡುತ್ತೆ ಅಂತ ಕೌನ್ಸೆಲರ್ ಹೆದರಿಸಿದ್ದ. ಸೀಟ್ ಬ್ಲಾಕ್ ಮಾಡಲು 25,000, ವಾರ ಬಿಟ್ಟು 85,000.

ಟಿಸಿ, ಮೈಗ್ರೇಷನ್ ಎಲ್ಲ ತೆಗೆದುಕೊಂಡು ಹೋದೆ. ಅಪ್ಪನೂ ಬಂದಿದ್ದರು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೌಂಟರಿನಲ್ಲಿ ಇಸಿದುಕೊಂಡರು. ಆಮೇಲೆ ನಾನು ಲ್ಯಾಬ್ ನೋಡಬೇಕು ಅಂದೆ. ಆಂತ್ರೊಪಾಲಜಿ ಅಂದರೆ ಮೂಳೆಗಳನ್ನು ಗುರುತಿಸುವುದು, ಕ್ಯಾಲಿಪರ್ ಹಿಡಿದು ತಲೆ, ಮುಖದ ಅಳತೆ ತೆಗೆಯುವುದು, ಇದೆಲ್ಲ ಪ್ರಾಕ್ಟಿಕಲ್ ಇರುತ್ತೆ ಅಂತ ಓದಿಕೊಂಡಿದ್ದೆ. ಆಫೀಸಿನ ಹುಡುಗ ಒಂದು ಕೋಣೆ ತೆರೆದ. ಅದು ಸೈಕಾಲಜಿ ಲ್ಯಾಬ್. ಬಾಗಿಲ ಮೇಲೆ ಹಾಗೇ ಬರೆದಿತ್ತು. ಒಂದು ಮೂಳೆ ಇಲ್ಲ, ಒಂದು ಕ್ಯಾಲಿಪರ್ ಇಲ್ಲ. ನಾನು ಬೋರ್ಡ್ ನೋಡುತ್ತಾ ನಿಂತೆ. ಅಪ್ಪ ನನ್ನ ಮುಖ ನೋಡುತ್ತಾ ನಿಂತರು. "ಏನಾಯ್ತು ಮಗಾ, ಸರಿಯಿದೆಯಾ?" ಅಂತ ಕೇಳಿದರು. ನನಗೆ ಉತ್ತರ ಹೇಳಲು ಆಗಲಿಲ್ಲ. ಆ ಗಳಿಗೆ ಈಗಲೂ ನಿದ್ದೆ ಕೆಡಿಸುತ್ತೆ.

ಸಿಲಬಸ್ ಕೇಳಿದರೆ, ಇರುವುದು ಬಿಎ ಸೋಷಿಯಾಲಜಿ. ಅದರೊಳಗೆ ಆಂತ್ರೊಪಾಲಜಿ ಎರಡೇ ಎರಡು ಪೇಪರ್. ಫೀಲ್ಡ್‌ವರ್ಕ್ ಇಲ್ಲ. ಮಾನವಶಾಸ್ತ್ರ ಓದಿದ ಒಬ್ಬ ಮೇಷ್ಟರೂ ಇಲ್ಲ. ಕೌನ್ಸೆಲರ್‌ಗೆ ಅಲ್ಲಿಂದಲೇ ಫೋನ್ ಮಾಡಿದೆ. "ಮೇಡಂ, ಸೋಷಿಯಾಲಜಿ, ಆಂತ್ರೊಪಾಲಜಿ ಎಲ್ಲಾ ಒಂದೇ. ಯುಪಿಎಸ್‌ಸಿಗೆ ನೀವೇ ಓದಿಕೊಳ್ಳಬಹುದು." ನಾನು ಯುಪಿಎಸ್‌ಸಿ ಮಾತೇ ಎತ್ತಿರಲಿಲ್ಲ!

ಕ್ರೆಡಿಟ್ ಕಥೆ ಇನ್ನೂ ಕೆಟ್ಟದ್ದು. ಎಬಿಸಿಯಲ್ಲಿ ಕ್ರೆಡಿಟ್ ಜಮಾ ಇದ್ದ ಮಾತ್ರಕ್ಕೆ ಹೊಸ ಯೂನಿವರ್ಸಿಟಿ ಅದನ್ನೆಲ್ಲ ಒಪ್ಪಲೇಬೇಕು ಅಂತೇನಿಲ್ಲ. ಯಾವ ಪೇಪರ್ ಹೊಂದುತ್ತೆ ಅಂತ ಅವರೇ ನೋಡಿ ತೀರ್ಮಾನಿಸುತ್ತಾರೆ. ನನ್ನದರಲ್ಲಿ ಒಪ್ಪಿದ್ದು ಇಂಗ್ಲಿಷ್ ಮತ್ತು ಪರಿಸರದ ಪೇಪರ್ ಮಾತ್ರ. "ಕನ್ನಡ ನಮ್ಮಲ್ಲಿ ಇಲ್ಲ, ಲೆಕ್ಕಕ್ಕೆ ಬರಲ್ಲ. ಮೊದಲ ವರ್ಷಕ್ಕೆ ಸೇರಿಕೊಳ್ಳಿ." ಇಷ್ಟೇ ಉತ್ತರ. ನೇರವಾಗಿ ಮೂರನೇ ಸೆಮಿಸ್ಟರ್ ಅಂದಿದ್ದರಲ್ಲ ಅಂದರೆ, "ಯಾರು ಹೇಳಿದ್ದು? ಇಮೇಲ್ ತೋರಿಸಿ." ಇಮೇಲ್ ಎಲ್ಲಿದೆ? ಎಲ್ಲಾ ಫೋನಿನಲ್ಲಿ ಹೇಳಿದ್ದು.

ಅವತ್ತೇ ಸೀಟು ಬೇಡ ಅಂತ ಪತ್ರ ಕೊಟ್ಟೆ. ದುಡ್ಡು ಕೇಳಿದರೆ ಅಪ್ಪನಿಗೆ, "ಸರ್, ನಾನ್ ರಿಫಂಡಬಲ್ ಅಂತ ಫಾರಂನಲ್ಲೇ ಇದೆ, ಮಗಳು ಸಹಿ ಹಾಕಿದ್ದಾಳೆ" ಅಂದರು. ಈ ಮಾತು ನಿಲ್ಲುವುದಿಲ್ಲ. ಯೂನಿವರ್ಸಿಟಿಗಳನ್ನು ನಿಯಂತ್ರಿಸುವ ಯುಜಿಸಿ 2018ರಲ್ಲೇ ನಿಯಮ ಮಾಡಿದೆ. ಪ್ರವೇಶದ ಕೊನೆ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಪೂರ್ತಿ ಫೀಸು, ಅದರಲ್ಲಿ ಸ್ವಲ್ಪ ಖರ್ಚು ಮಾತ್ರ ಹಿಡಿಯಬಹುದು. ಆಮೇಲೆ ಕೊನೆ ದಿನದವರೆಗೆ ಶೇ. 90, ಕೊನೆ ದಿನ ಕಳೆದು 15 ದಿನದೊಳಗೆ ಶೇ. 80, 30 ದಿನದೊಳಗೆ ಶೇ. 50. ಆಮೇಲೆ ಏನೂ ಇಲ್ಲ. ಒರಿಜಿನಲ್ ದಾಖಲೆ ಇಟ್ಟುಕೊಳ್ಳುವಂತೆಯೂ ಇಲ್ಲ. ಇದನ್ನು ಹೇಳಿದ ಮೇಲೆ ಮಾತು ಬದಲಾಯಿತು. "ಲ್ಯಾಟರಲ್ ಎಂಟ್ರಿಗೆ (ಅಂದರೆ ಕೋರ್ಸಿನ ನಡುವೆ ಬಂದು ಸೇರುವವರಿಗೆ) ಕೊನೆ ದಿನ ಬೇರೆ, ಅದು ಜೂನ್‌ನಲ್ಲೇ ಮುಗಿದಿದೆ." ಹಾಗಾದರೆ ಜುಲೈನಲ್ಲಿ ನನ್ನ ಹತ್ತಿರ ದುಡ್ಡು ತೆಗೆದುಕೊಂಡಿದ್ದು ಹೇಗೆ? ಈ ಪ್ರಶ್ನೆಗೆ ಇವತ್ತಿನವರೆಗೂ ಉತ್ತರ ಇಲ್ಲ. ಕೌನ್ಸೆಲರ್ ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ.

ಯುಜಿಸಿಯ ಆನ್‌ಲೈನ್ ದೂರು ಪೋರ್ಟಲ್ ಇ-ಸಮಾಧಾನ್‌ನಲ್ಲಿ ದೂರು ಹಾಕಿದ ಮೇಲೆ ಮಾರ್ಕ್ಸ್ ಕಾರ್ಡ್ ವಾಪಸ್ ಬಂತು. ದುಡ್ಡು ಇನ್ನೂ ಬಂದಿಲ್ಲ.

ನಿಮಗೂ ಇಂಥ ಫೋನ್ ಬಂದಿದ್ದರೆ, ನಿಮ್ಮ ಪೇಪರ್‌ಗಳಲ್ಲಿ ಯಾವುದಕ್ಕೆ ಎಷ್ಟು ಕ್ರೆಡಿಟ್ ಒಪ್ಪುತ್ತಾರೆ ಅಂತ ರಿಜಿಸ್ಟ್ರಾರ್ ಕಡೆಯಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಕೌನ್ಸೆಲರ್ ವಾಟ್ಸಾಪ್ ನಂಬಬೇಡಿ. ಡಿಗ್ರಿ ಸರ್ಟಿಫಿಕೇಟ್ ಮೇಲೆ ಯಾವ ವಿಷಯ ಬರೆಯುತ್ತಾರೆ ಅಂತ ಕೇಳಿ. ಸಾಧ್ಯವಾದರೆ ಹೋಗಿ ಲ್ಯಾಬ್ ನೋಡಿ. ಆಗಲೇ ಕಟ್ಟಿ ಸಿಕ್ಕಿಕೊಂಡಿದ್ದರೆ ಬೇಡ ಅಂತ ಇವತ್ತೇ ಇಮೇಲ್ ಹಾಕಿ, ತಾರೀಕು ಮುಖ್ಯ.

ನನಗೆ ಜಾಸ್ತಿ ಹೊಟ್ಟೆ ಉರಿಯುವುದು ಇನ್ನೊಂದು ವಿಷಯಕ್ಕೆ. ಬೇರೆ ವಿಷಯದಲ್ಲಿ ಡಿಗ್ರಿ ಮುಗಿಸಿದವರನ್ನೂ ಎಂಎ ಆಂತ್ರೊಪಾಲಜಿಗೆ ತೆಗೆದುಕೊಳ್ಳುವ ಯೂನಿವರ್ಸಿಟಿಗಳಿವೆ. ಮೈಸೂರು, ಧಾರವಾಡದಲ್ಲಿ ಮಾನವಶಾಸ್ತ್ರಕ್ಕೆ ವಿಭಾಗಗಳೇ ಇವೆ. ಆ ವಿಭಾಗಗಳಿಗೆ ಮೊದಲೇ ಒಂದು ಫೋನ್ ಮಾಡಿ ಕೇಳಬಹುದಿತ್ತು. ಬಿಎ ಮುಗಿಸಿಕೊಂಡೇ ಹೋಗಬಹುದಿತ್ತು, ನಡುವೆ ಬಿಡುವ ಅಗತ್ಯವೇ ಇರಲಿಲ್ಲವೇನೋ. ಈಗ ಹಳೇ ಕಾಲೇಜಿನಲ್ಲಿ ಮತ್ತೆ ಸೇರಿಸಿಕೊಳ್ಳಿ ಅಂತ ಅರ್ಜಿ ಕೊಟ್ಟಿದ್ದೇನೆ. ಅದೇ ಲೆಕ್ಚರರ್ ಪ್ರಿನ್ಸಿಪಾಲ್ ಹತ್ತಿರ ನನ್ನ ಪರವಾಗಿ ಮಾತಾಡಿದ್ದಾರೆ. ಸೋಮವಾರ ಬಾ ಅಂದಿದ್ದಾರೆ.