ಸಾಲ್ಸ್‌ಬರ್ಗ್‌ನ ಮೊಜಾರ್ಟ್ ಮನೆ: ಗೋಡೆಯ ಮೇಲಿನ ಅಮ್ಮ

ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ಗೆ ಹೋದವರಲ್ಲಿ ಹೆಚ್ಚಿನವರು 1756ರಲ್ಲಿ ಸಂಗೀತ ಸಂಯೋಜಕ ವೋಲ್ಫ್‌ಗಾಂಗ್ ಮೊಜಾರ್ಟ್ ಹುಟ್ಟಿದ ಗೆಟ್ರೈಡೆಗಾಸ್ಸೆಯ ಹಳದಿ ಮನೆಯ ಮುಂದೆ ಫೋಟೋ ತೆಗೆಸಿಕೊಂಡು ಹಿಂದಿರುಗುತ್ತಾರೆ. ಒಂದನ್ನೇ ನೋಡುವಷ್ಟು ಸಮಯವಿದ್ದರೆ ನಾನು ಹೇಳುವುದು ನದಿಯಾಚೆ ಮಕಾರ್ಟ್ ಚೌಕದಲ್ಲಿರುವ, 1773ರಲ್ಲಿ ಈ ಕುಟುಂಬ ಬಂದು ನೆಲೆಸಿದ ಇನ್ನೊಂದು ಮನೆಯನ್ನು. ಹಳೆಯ ಗೋಡೆಗಳ ಆಸೆಯಿಂದ ಹೋಗುವವರು ಮಾತ್ರ ಒಂದು ವಿಷಯ ತಿಳಿದಿರಬೇಕು: 1944ರ ಅಕ್ಟೋಬರ್ 16ರಂದು ಬಿದ್ದ ಬಾಂಬಿಗೆ ಕಟ್ಟಡದ ಬಹುಭಾಗ ನಾಶವಾಗಿತ್ತು, ಈಗ ಕಾಣುವುದು ಜಪಾನಿನ ವಿಮಾ ಕಂಪನಿಯೊಂದರ ನೆರವಿನಿಂದ 1996ರಲ್ಲಿ ಪೂರ್ಣಗೊಂಡ ಮರುನಿರ್ಮಾಣ. ಹಿಂದೆ ಇಲ್ಲಿ ನೃತ್ಯಶಿಕ್ಷಕನೊಬ್ಬ ಪಾಠ ಹೇಳುತ್ತಿದ್ದ. ದೊಡ್ಡ ಸಭಾಂಗಣಕ್ಕೆ ‘ನೃತ್ಯಶಿಕ್ಷಕನ ಸಭಾಂಗಣ’ ಎಂಬ ಹೆಸರೇ ಉಳಿದಿದೆ.

ನಾನು ಹೋದದ್ದು ಕುಟುಂಬದ ಭಾವಚಿತ್ರಕ್ಕಾಗಿ, ಹೆಚ್ಚು ಹೊತ್ತು ನಿಂತದ್ದೂ ಅಲ್ಲೇ. ಚಿತ್ರಕಾರ ಡೆಲ್ಲಾ ಕ್ರೋಚೆ ಬರೆದದ್ದೆಂದು ಹೇಳಲಾಗುವ, 1780–81ರ ಈ ಚಿತ್ರದಲ್ಲಿ ಕೆಂಪು ಕೋಟಿನ ವೋಲ್ಫ್‌ಗಾಂಗ್ ಮತ್ತು ಕೂದಲನ್ನು ಗೋಪುರದಂತೆ ಎತ್ತಿ ಕಟ್ಟಿದ ಅಕ್ಕ ನಾನೆರ್ಲ್ ಒಂದೇ ವಾದ್ಯದ ಮುಂದೆ ಕುಳಿತಿದ್ದಾರೆ. ತಮ್ಮನ ಕೈ ಅಕ್ಕನ ಕೈಯನ್ನು ದಾಟಿ ಹೋಗಿದೆ. ಪಕ್ಕದಲ್ಲಿ ಪಿಟೀಲು ಹಿಡಿದ ತಂದೆ ಲಿಯೋಪೋಲ್ಡ್. ತಾಯಿ ಆನ್ನಾ ಮರಿಯಾ ಮಾತ್ರ ಗೋಡೆಗೆ ತೂಗುಹಾಕಿದ ಅಂಡಾಕಾರದ ಪಟದೊಳಗಿಂದ ನೋಡುತ್ತಾಳೆ, ಏಕೆಂದರೆ ಮಗನೊಡನೆ ಪ್ಯಾರಿಸ್‌ಗೆ ಹೋಗಿದ್ದ ಆಕೆ 1778ರ ಜುಲೈ 3ರಂದು ಅಲ್ಲಿಯೇ ತೀರಿಕೊಂಡಿದ್ದಳು. ಸುದ್ದಿಯನ್ನು ತಂದೆಗೆ ನೇರವಾಗಿ ಬರೆಯಲಾರದೆ, ಮೊದಲು ಅವನ ಮನಸ್ಸನ್ನು ಸಿದ್ಧಪಡಿಸಿರೆಂದು ಮಗ ಕುಟುಂಬದ ಮಿತ್ರರೊಬ್ಬರಿಗೆ ಕಾಗದ ಬರೆದಿದ್ದ. ಚಿತ್ರದ ಕೆಲಸ ನಡೆಯುತ್ತಿದ್ದಾಗ ವೋಲ್ಫ್‌ಗಾಂಗ್ ಒಪೆರಾ ಸಿದ್ಧತೆಗಾಗಿ ಮ್ಯೂನಿಕ್‌ನಲ್ಲಿದ್ದ. ಪಟ ಹೇಗೆ ಬರುತ್ತಿದೆಯೆಂದು ಅಲ್ಲಿಂದಲೇ ವಿಚಾರಿಸುತ್ತಿದ್ದ. ಅಂದರೆ ನಾಲ್ವರನ್ನೂ ಒಟ್ಟಿಗೆ ಕೂಡಿಸಿದ್ದು ಕ್ಯಾನ್ವಾಸ್ ಒಂದೇ.

ಉಳಿದ ಕೋಣೆಗಳು ಈ ಚಿತ್ರದ ಸುತ್ತಲಿನ ಕತೆಯನ್ನು ಹೇಳುತ್ತವೆ. ಆಗ್ಸ್‌ಬರ್ಗ್‌ನ ಪುಸ್ತಕ ಕಟ್ಟುವವನ ಮಗನಾದ ಲಿಯೋಪೋಲ್ಡ್ ಪಿಟೀಲು ಕಲಿಕೆಯ ಕುರಿತ ತನ್ನ ಗ್ರಂಥವನ್ನು ಮಗ ಹುಟ್ಟಿದ ವರ್ಷವೇ ಪ್ರಕಟಿಸಿದ. ಏಳು ಮಕ್ಕಳಲ್ಲಿ ಉಳಿದವರು ಇಬ್ಬರು. ನಾನೆರ್ಲ್ ಸ್ವರ ಸಂಯೋಜಿಸುತ್ತಿದ್ದಳೆಂಬುದಕ್ಕೆ ತಮ್ಮನ ಪತ್ರವೇ ಸಾಕ್ಷಿ, ಆದರೆ ಅವಳ ಒಂದು ಕೃತಿಯೂ ಉಳಿದಿಲ್ಲ. ನನ್ನ ಮಟ್ಟಿಗೆ ಈ ಮನೆಯಲ್ಲಿ ಅತ್ಯಂತ ದೊಡ್ಡದಾಗಿ ಕಾಣುವುದು ಆ ಖಾಲಿ ಜಾಗವೇ. ವೋಲ್ಫ್‌ಗಾಂಗ್‌ನ ಬದುಕುಳಿದ ಇಬ್ಬರು ಗಂಡುಮಕ್ಕಳಿಗೆ ಸಂತಾನವಾಗಲಿಲ್ಲ, ಆ ಕವಲು 1858ಕ್ಕೆ ಮುಗಿಯಿತು. ಆಡಿಯೋ ವಿವರಣೆಯನ್ನು ಅರ್ಧಕ್ಕೆ ನಿಲ್ಲಿಸಿ ಮುಂದಿನ ಕೋಣೆಗೆ ಓಡಬೇಡಿ. ಒಂದೂವರೆ ಗಂಟೆಯಾದರೂ ಬೇಕು.

ನೆನಪಿಗೆಂದು ಚಿತ್ರದ ಮುದ್ರಿತ ಪ್ರತಿಯೊಂದನ್ನು ತಂದು ಬೆಂಗಳೂರಿನ ಅಂಗಡಿಯೊಂದರಲ್ಲಿ ಕಟ್ಟು ಹಾಕಿಸಲು ಕೊಟ್ಟೆ. ಅಳತೆಗೆ ಹೊಂದಲಿಲ್ಲವೆಂದು ಅವರು ಮೇಲಿನ ಭಾಗವನ್ನು ಮೌಂಟ್ ರಟ್ಟಿನಡಿ ಮರೆಮಾಡಿಬಿಟ್ಟಿದ್ದರು. ಅಮ್ಮನ ಗಲ್ಲವಷ್ಟೇ ಹೊರಗಿತ್ತು. ಬಿಚ್ಚಿಸಿ, ಈಗ ದೊಡ್ಡ ಚೌಕಟ್ಟಿಗೆ ಕೊಟ್ಟಿದ್ದೇನೆ.